ಡಿಸ್ಮಲ್ ಸ್ವಾಂಪ್‌ನ ಕಚ್ಚುವ ನೊಣ: ಬೇಸಿಗೆಗೆ ಯಾವ ಸಾಮಾನು ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ

ಜೂನ್ ತಿಂಗಳಲ್ಲಿ ಗ್ರೇಟ್ ಡಿಸ್ಮಲ್ ಸ್ವಾಂಪ್ ನೋಡಲು ಹೊರಟವರ ಚೀಲದಲ್ಲಿ ಸಾಮಾನ್ಯವಾಗಿ ಎರಡು ಮೂರು ಸ್ಪ್ರೇ ಬಾಟಲಿ ಇರುತ್ತವೆ, ತಲೆಗೆ ಹಾಕುವ ಬಲೆ ಒಂದೂ ಇರುವುದಿಲ್ಲ. ಈ ಲೆಕ್ಕ ಅದಲು ಬದಲಾಗಬೇಕು. ಅಲ್ಲಿ ಬೇಸಿಗೆಯಲ್ಲಿ ಜನರನ್ನು ಅರ್ಧ ದಾರಿಯಿಂದ ವಾಪಸ್ ಓಡಿಸುವುದು ಸೊಳ್ಳೆಯಲ್ಲ, ಡಿಯರ್ ಫ್ಲೈ ಎಂಬ ಕಚ್ಚುವ ನೊಣ. ಸೊಳ್ಳೆಗೆಂದು ತಯಾರಾದ ಬಾಟಲಿ ಈ ನೊಣದ ಮುಂದೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಬಲೆ, ತಿಳಿ ಬಣ್ಣದ ಬಟ್ಟೆ, ಟೋಪಿಯ ಹಿಂದೆ ಒಂದು ಅಂಟುಪಟ್ಟಿ, ಈ ಮೂರು ಸೇರಿದರೆ ಮೂರು ಗಂಟೆ ನೆಮ್ಮದಿಯಾಗಿ ನಡೆಯಬಹುದು. ಅದು ಯಾಕೆ, ಕೊಳ್ಳುವಾಗ ಏನು ನೋಡಬೇಕು, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಒಂದೊಂದೇ ಸಾಮಾನು ಹಿಡಿದು ಇಲ್ಲಿ ಹೇಳಿದೆ.

ಜಾಗದ ಬಗ್ಗೆ ಎರಡು ಮಾತು. ವರ್ಜೀನಿಯಾ ಮತ್ತು ನಾರ್ತ್ ಕ್ಯಾರೊಲೈನಾ ಗಡಿಯ ಮೇಲೆ ಹರಡಿರುವ ಈ ಜೌಗುಕಾಡು 1974ರಿಂದ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣ. ವಿಸ್ತೀರ್ಣ ಒಂದು ಲಕ್ಷ ಎಕರೆಗೂ ಹೆಚ್ಚು. ನಡುವೆ ಲೇಕ್ ಡ್ರಮಂಡ್, ಸುಮಾರು 3,100 ಎಕರೆಯ ಕೆರೆ. ಎಲೆ ತೊಗಟೆಗಳ ಒಗರು ಇಳಿದು ನೀರು ಕಡು ಡಿಕಾಕ್ಷನ್ ಬಣ್ಣದ್ದು. ಜಾರ್ಜ್ ವಾಷಿಂಗ್ಟನ್ 1763ರಲ್ಲಿ ಇಲ್ಲಿಗೆ ಬಂದಿದ್ದ. ಅವನ ಹೆಸರಿನ ವಾಷಿಂಗ್ಟನ್ ಡಿಚ್ ಎಂಬ ಕಾಲುವೆಯ ದಂಡೆಯ ಮೇಲೆ ಕೆರೆಯವರೆಗೆ ಸುಮಾರು 4.5 ಮೈಲಿ ನಡೆಯಬಹುದು. ರೇಲ್‌ರೋಡ್ ಡಿಚ್ ದಾರಿಯಲ್ಲಿ ಕಾರಿನಲ್ಲೇ ಕೆರೆಯ ತನಕ ಹೋಗಬಹುದು. ರಾಲಿ, ಕ್ಯಾರಿ, ರಿಚ್‌ಮಂಡ್ ಕಡೆಯ ಕನ್ನಡದ ಮನೆಗಳಿಗೆ ಒಂದು ದಿನದಲ್ಲಿ ಹೋಗಿ ಬರುವ ದೂರ. ಊರಿನಿಂದ ಅಪ್ಪ ಅಮ್ಮ ಬರುವುದೂ ಬೇಸಿಗೆಯಲ್ಲೇ, ನೊಣ ಏಳುವುದೂ ಬೇಸಿಗೆಯಲ್ಲೇ. ಅದೇ ತೊಡಕು.

ನೊಣದ ಸ್ವಭಾವ ತಿಳಿಯದೆ ಸಾಮಾನು ಕೊಂಡರೆ ದುಡ್ಡು ದಂಡ, ಆದ್ದರಿಂದ ಮೊದಲು ಅದನ್ನೇ ನೋಡೋಣ. ಡಿಯರ್ ಫ್ಲೈ ಮನೆನೊಣಕ್ಕಿಂತ ಸ್ವಲ್ಪ ದೊಡ್ಡದು, ಆರರಿಂದ ಹತ್ತು ಮಿಲಿಮೀಟರ್. ರೆಕ್ಕೆಯ ಮೇಲೆ ಕಪ್ಪು ಪಟ್ಟೆ, ಕಣ್ಣು ಹಸಿರು ಬಂಗಾರ ಬೆರೆತು ಮಿನುಗುತ್ತವೆ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ರಕ್ತ ಬೇಕು. ಗಂಡು ಹೂವಿನ ರಸ ಕುಡಿದುಕೊಂಡಿರುತ್ತದೆ. ಸೊಳ್ಳೆ ಸೂಜಿ ಚುಚ್ಚುತ್ತದೆ. ಇದು ಹಾಗಲ್ಲ, ಕತ್ತಿಯಂಥ ಬಾಯಿಯ ಅಂಗಗಳಿಂದ ಚರ್ಮ ಕೊಯ್ದು, ಒಸರಿದ ರಕ್ತವನ್ನು ನೆಕ್ಕುತ್ತದೆ. ಕಚ್ಚಿದ ಕ್ಷಣವೇ ಉರಿಯುವುದು ಅದಕ್ಕೇ. ಇದರ ದೊಡ್ಡಕ್ಕ ಹಾರ್ಸ್ ಫ್ಲೈ, ನಮ್ಮ ಕಡೆ ದನದ ಮೈಮೇಲೆ ಕೂತು ರಕ್ತ ಸುರಿಸುವ ದೊಡ್ಡ ನೊಣದ ಜಾತಿಯೇ. ಅದು ಎರಡೂವರೆ ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ನಮ್ಮಲ್ಲಿ ಜಾನುವಾರುಗಳಿಗೆ ಸರ್ರಾ ರೋಗ ಹರಡುವುದು ಈ ಕುಲದ ನೊಣಗಳೇ.

ಮುಖ್ಯವಾದ ಮಾತು: ಈ ನೊಣ ಬೇಟೆಯಾಡುವುದು ಬಹುಪಾಲು ಕಣ್ಣಿನಿಂದ. ಚಲಿಸುವ, ಗಾಢ ಬಣ್ಣದ, ಬಿಸಿಯಾದ ವಸ್ತು ಕಂಡರೆ ಬೆನ್ನು ಹತ್ತುತ್ತದೆ. ಉಸಿರಿನ ಇಂಗಾಲದ ಡೈ ಆಕ್ಸೈಡ್ ಕೂಡ ದಾರಿ ತೋರಿಸುತ್ತದೆ ನಿಜ, ಆದರೆ ಕೊನೆಯಲ್ಲಿ ಎಲ್ಲಿ ಕೂರಬೇಕೆಂದು ನಿರ್ಧರಿಸುವುದು ಕಣ್ಣು. ಡಿಯರ್ ಫ್ಲೈ ಹುಡುಕುವುದು ಆ ವಸ್ತುವಿನ ಅತಿ ಎತ್ತರದ ಭಾಗವನ್ನು, ಅಂದರೆ ನಿಮ್ಮ ತಲೆ. ನಡೆಯುತ್ತಿರುವ ಮನುಷ್ಯನ ಕಪ್ಪು ಕೂದಲು ಅದಕ್ಕೆ ಹೇಳಿ ಮಾಡಿಸಿದ ಗುರಿ. ಕುದುರೆಗಳ ಮೇಲೆ ಕೂರುವ ಇದೇ ಕುಲದ ನೊಣಗಳಿಗೆ ಬಿಳಿ ಕುದುರೆಗಿಂತ ಕಪ್ಪು ಕುದುರೆ ಯಾಕೆ ಹೆಚ್ಚು ಪ್ರಿಯ ಎಂದು ಹಂಗೇರಿಯ ಗಾಬೊರ್ ಹೊರ್ವಾತ್ ಮತ್ತು ಸಂಗಡಿಗರು ಕಂಡುಹಿಡಿದು, 2016ರಲ್ಲಿ ಇಗ್ ನೊಬೆಲ್ ಪಡೆದರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಗಾಢ ಮೈಯಿಂದ ಪ್ರತಿಫಲಿಸುವ ಧ್ರುವೀಕೃತ ಬೆಳಕು, ಅಂದರೆ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು, ಈ ನೊಣಗಳನ್ನು ಸೆಳೆಯುತ್ತದೆ. ಆ ಬಹುಮಾನ ಕೇಳಿ ಜನ ನಗಬಹುದು, ಆದರೆ ಜೌಗಿಗೆ ಹೋಗುವವರಿಗೆ ಇದಕ್ಕಿಂತ ಉಪಯೋಗದ ಸಂಶೋಧನೆ ಇನ್ನೊಂದಿಲ್ಲ. ಕಣ್ಣಿನಿಂದ ಬೇಟೆಯಾಡುವ ಹುಳಕ್ಕೆ ವಾಸನೆಯ ಔಷಧಿ ಅಷ್ಟಾಗಿ ನಾಟುವುದಿಲ್ಲ ಎಂಬುದು ಇಲ್ಲಿಂದ ತಾನಾಗಿ ಗೊತ್ತಾಗುತ್ತದೆ.

ತಲೆಯ ಬಲೆ

ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಇದನ್ನೇ ಕೊಳ್ಳಿ. 10ರಿಂದ 15 ಡಾಲರ್, ಮಡಚಿದರೆ ಮುಷ್ಟಿಯಲ್ಲಿ ಅಡಗುತ್ತದೆ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ: ಸೊಳ್ಳೆಗೆ ಸಾಲುವ ಸಾಧಾರಣ ಕಣ್ಣಿನ ಬಲೆ, ಮತ್ತು ನೋ-ಸೀ-ಅಮ್ ಎನ್ನುವ ಸಣ್ಣ ಗುಂಗುರುಗಳಿಗಾಗಿ ನೇಯ್ದ ತುಂಬ ಸೂಕ್ಷ್ಮ ಬಲೆ. ಸೂಕ್ಷ್ಮ ಇದ್ದಷ್ಟೂ ಒಳ್ಳೆಯದು ಎಂದು ಎರಡನೆಯದನ್ನು ಕೊಂಡವರು ಜೂನ್ ತಿಂಗಳ ಸೆಕೆಯಲ್ಲಿ ಅರ್ಧ ಗಂಟೆಗೆ ಅದನ್ನು ಕಿತ್ತು ಬಿಸಾಡುತ್ತಾರೆ. ಗಾಳಿ ಆಡುವುದಿಲ್ಲ, ಉಸಿರಿನ ಬಿಸಿ ಒಳಗೇ ನಿಲ್ಲುತ್ತದೆ. ಡಿಯರ್ ಫ್ಲೈಯ ಗಾತ್ರಕ್ಕೆ ಸಾಧಾರಣ ಬಲೆ ಬೇಕಾದಷ್ಟಾಯಿತು. ಸಮುದ್ರತೀರದ ಉಪ್ಪು ಜೌಗಿಗೂ ಅದೇ ಬಲೆ ಒಯ್ಯುವ ಯೋಚನೆಯಿದ್ದರೆ ಮಾತ್ರ ಸೂಕ್ಷ್ಮದ್ದು ನೋಡಿ.

ಬಣ್ಣದ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ಬಿಳಿ ಅಥವಾ ತಿಳಿ ಹಸಿರು ಬಲೆ ಬಿಸಿಲಿಗೆ ಮಿರಮಿರ ಹೊಳೆದು, ಎದುರಿನ ಹಕ್ಕಿ ಮಂಜಿನ ಆಚೆ ಕೂತಂತೆ ಕಾಣುತ್ತದೆ. ಕಪ್ಪು ಬಲೆಯ ಮೂಲಕ ನೋಟ ಸ್ವಚ್ಛ. ಕಪ್ಪು ಬಣ್ಣ ನೊಣವನ್ನು ಕರೆಯುತ್ತದಲ್ಲ ಎಂದರೆ, ಹೌದು, ಸ್ವಲ್ಪ ಕರೆಯುತ್ತದೆ. ಆದರೂ ಮುಖದ ಮುಂದೆ ಕಪ್ಪು ಬಲೆಯೇ ಇರಲಿ, ಟೋಪಿ ಮಾತ್ರ ತಿಳಿ ಬಣ್ಣದ್ದಾಗಲಿ. ಹೊರಗೆ ಎಷ್ಟು ನೊಣ ಸುತ್ತಿದರೇನು, ಒಳಗೆ ಬರದಿದ್ದರಾಯಿತು. ದಾರಿ ಕಾಣದಿದ್ದರೆ ಬಂದ ಕೆಲಸವೇ ಕೆಟ್ಟಿತು.

ಬಲೆ ಕೆಲಸ ಮಾಡುವುದು ಟೋಪಿಯ ಅಂಚಿನಿಂದ. ಇದನ್ನು ಪೊಟ್ಟಣದ ಮೇಲೆ ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ಬರಿತಲೆಗೆ ಬಲೆ ಹಾಕಿಕೊಂಡರೆ ಅದು ಮೂಗಿಗೆ, ಕಿವಿಗೆ, ಕತ್ತಿನ ಹಿಂಭಾಗಕ್ಕೆ ತಾಗುತ್ತದೆ. ತಾಗಿದ ಕಡೆ ನೊಣ ಬಲೆಯ ಹೊರಗೇ ಕೂತು ಕಚ್ಚುತ್ತದೆ. ಕ್ರಿಕೆಟ್ ಕ್ಯಾಪ್ ಮುಂದೆ ಮಾತ್ರ ಅಂಚು ಕೊಡುತ್ತದೆ, ಕಿವಿ ಮತ್ತು ಕತ್ತು ಬಯಲು. ಸುತ್ತಲೂ ಅಂಚಿರುವ, ಗಟ್ಟಿಯಾದ ಟೋಪಿ ಬೇಕು. ಮೂರು ಇಂಚು ಅಂಚು ಸಾಕು. ಬೆವರಿಗೆ ತೊಯ್ದು ಜೋತು ಬೀಳುವ ಮೆತ್ತನೆ ಹತ್ತಿಯ ಟೋಪಿಯಾದರೆ ಒಂದು ಗಂಟೆಯ ಮೇಲೆ ಉಪಯೋಗವಿಲ್ಲ. ಬಲೆಯ ಕೆಳತುದಿ ಭುಜದ ಮೇಲೆ ಚೆನ್ನಾಗಿ ಇಳಿಯುವಷ್ಟು ಉದ್ದವಿರಲಿ. ಎಲಾಸ್ಟಿಕ್ ಕಂಕುಳಡಿ ಹಾಯಿಸುವ ಬಗೆ ಉತ್ತಮ, ಕತ್ತಿಗೆ ದಾರ ಬಿಗಿಯುವ ಬಗೆ ಎರಡನೆಯದು. ದಾರದ ಬಗೆಯೇ ಇದ್ದರೆ ಅಂಗಿಯ ಕಾಲರ್ ಎತ್ತಿ, ಅದರ ಹೊರಗೆ ದಾರ ಬರುವಂತೆ ಬಿಗಿಯಿರಿ. ಬರಿ ಕತ್ತಿಗೆ ಬಿಗಿದರೆ ಆ ದಾರದ ಕೆಳಗಿನ ಒಂದಿಂಚು ಚರ್ಮವನ್ನೇ ಹುಡುಕಿಕೊಂಡು ಬರುತ್ತವೆ.

ನೀರು ಕುಡಿಯುವಾಗ ಬಲೆ ಎತ್ತುವುದೇ ಅಪಾಯದ ಗಳಿಗೆ. ಒಂದು ನೊಣ ಒಳಗೆ ಸೇರಿದರೆ ಹೊರಗಿನ ಇಪ್ಪತ್ತಕ್ಕಿಂತ ಅದು ಹೆಚ್ಚು ಕಾಡುತ್ತದೆ. ಕೊಳವೆಯಿಂದ ಹೀರುವ ನೀರಿನ ಚೀಲ ಇದ್ದರೆ ಬಲೆಯ ಕೆಳಗಿನಿಂದ ಕೊಳವೆ ಒಳಕ್ಕೆ ತಂದುಕೊಂಡು ಕುಡಿಯಬಹುದು. ಮಕ್ಕಳಿಗಂತೂ ಇದು ತುಂಬ ಅನುಕೂಲ.

ಸೊಂಟದವರೆಗೆ ಇಳಿಯುವ ಪೂರ್ತಿ ಬಲೆಯ ಜಾಕೆಟ್ ಕೂಡ ಸಿಗುತ್ತದೆ. ಕೂತು ಹುಟ್ಟುಹಾಕುವ ಕಯಾಕ್‌ನವರಿಗೆ ಒಳ್ಳೆಯದು. ನಡೆಯುವವರಿಗೆ ಅಷ್ಟೇನೂ ಅಲ್ಲ: ಬೆನ್ನುಚೀಲದ ಪಟ್ಟಿ ಭುಜದ ಮೇಲೆ ಬಲೆಯನ್ನು ಚರ್ಮಕ್ಕೆ ಒತ್ತುತ್ತದೆ, ಅಲ್ಲೇ ಕಚ್ಚುತ್ತವೆ. ಕೊಳ್ಳುವುದೇ ಆದರೆ ಭುಜ ಮತ್ತು ಮೊಣಕೈ ಭಾಗದಲ್ಲಿ ಬಲೆಯ ಬದಲು ದಪ್ಪ ಬಟ್ಟೆ ಹೊಲಿದಿರುವುದನ್ನು ಆರಿಸಿ.

ಬಟ್ಟೆ

ಹೊಸದಾಗಿ ಏನೂ ಕೊಳ್ಳದೆ ಸರಿ ಮಾಡಿಕೊಳ್ಳಬಹುದಾದ ವಿಷಯ ಇದೊಂದೇ. ಬಿಳಿ, ಕೆನೆ, ತಿಳಿ ಖಾಕಿ ಸರಿ. ಕಪ್ಪು, ಕಡುಗೆಂಪು, ಕಂದು ಬೇಡ. ನೀಲಿ ಖಂಡಿತ ಬೇಡ. ಈ ನೊಣಕ್ಕೆ ನೀಲಿಯ ಸೆಳೆತ ಎಷ್ಟಿದೆಯೆಂದರೆ ಅದನ್ನು ಹಿಡಿಯುವ ಬೋನಿಗೇ ನೀಲಿ ಬಣ್ಣ ಬಳಿಯುತ್ತಾರೆ. ಆ ಮಾತು ಮುಂದೆ ಬರುತ್ತದೆ. ಜೀನ್ಸ್ ದಪ್ಪ, ಕಚ್ಚಲಾಗುವುದಿಲ್ಲ ಎಂದು ಹಾಕಿಕೊಂಡು ಬರುವವರು ಬೋನಿನ ಬಣ್ಣವನ್ನೇ ಕಾಲಿಗೆ ಕಟ್ಟಿಕೊಂಡು ಬಂದಂತೆ.

ಬಣ್ಣದಷ್ಟೇ ನೇಯ್ಗೆಯೂ ಮುಖ್ಯ. ಹೆಣಿಗೆಯ ಟಿ-ಶರ್ಟ್, ಲೆಗ್ಗಿಂಗ್ಸ್, ಯೋಗದ ಪ್ಯಾಂಟು ಇವೆಲ್ಲ ಮೈಗೆ ಅಂಟುತ್ತವೆ, ನೂಲಿನ ನಡುವೆ ಸಂದಿ ಇರುತ್ತದೆ. ಬೆನ್ನು, ತೋಳು, ತೊಡೆಯ ಮೇಲೆ ಬಟ್ಟೆಯ ಮೂಲಕವೇ ಕಚ್ಚಿಸಿಕೊಳ್ಳುವುದು ಗ್ಯಾರಂಟಿ. ಒತ್ತಾಗಿ ನೇಯ್ದ ತೆಳು ನೈಲಾನಿನ ಟ್ರೆಕ್ಕಿಂಗ್ ಪ್ಯಾಂಟು, ಒಂದು ಅಳತೆ ದೊಡ್ಡದಾದ ತುಂಬುತೋಳಿನ ಅಂಗಿ, ಇವು ಸರಿಯಾದವು. ಬಟ್ಟೆ ಸಡಿಲವಿದ್ದು ಚರ್ಮಕ್ಕೂ ಅದಕ್ಕೂ ನಡುವೆ ಅಂತರವಿದ್ದರೆ ಕಚ್ಚಿದರೂ ತಲುಪುವುದಿಲ್ಲ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತೋ, ಅಲ್ಲಿಗೆ ಆ ಅಂತರ ಹೋಯಿತು. ಅದಕ್ಕೇ ಒಳಗೆ ತೆಳ್ಳಗಿನ ಬನಿಯನ್ ಹಾಕಿ, ಮೇಲೆ ಸಡಿಲ ಅಂಗಿ ಹಾಕುವುದು ಸೆಕೆಯಾದರೂ ಮೇಲು. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಲಿ, ಕಾಲುಚೀಲ ದಪ್ಪಗಿರಲಿ. ಇದು ನೊಣಕ್ಕಷ್ಟೇ ಅಲ್ಲ, ಈ ಕಾಡಿನಲ್ಲಿ ಉಣ್ಣೆಯ ಕಾಟವೂ ಉಂಟು.

ಊರಿನಿಂದ ಬಂದ ಅಮ್ಮ, ಅತ್ತೆಯವರು ಸೀರೆಯಲ್ಲೇ ಹೊರಡುವುದಿದ್ದರೆ ಮೊದಲೇ ಹೇಳಿಬಿಡಿ. ಸೀರೆಯಲ್ಲಿ ಸೊಂಟ, ತೋಳು, ಕತ್ತಿನ ಹಿಂಭಾಗ, ಪಾದದ ಗಂಟು ನಾಲ್ಕೂ ಬಯಲು. ತಿಳಿ ಬಣ್ಣದ ದಪ್ಪ ಹತ್ತಿಯ ಸಡಿಲ ಸಲ್ವಾರ್ ಕಮೀಜ್, ತುಂಬುತೋಳು, ಕಾಲುಚೀಲ, ಬೂಟು ಸರಿಹೋಗುತ್ತದೆ. ದುಪಟ್ಟಾವನ್ನು ಕತ್ತಿಗೆ ಎರಡು ಸುತ್ತು ಸುತ್ತಿದರೆ ಬಲೆಯ ದಾರದ ಕೆಳಗಿನ ಆ ಒಂದಿಂಚೂ ಮುಚ್ಚುತ್ತದೆ. ಅಪ್ಪಂದಿರ ಅರ್ಧ ಚಡ್ಡಿಗೂ ಇದೇ ಮಾತು. ಚಪ್ಪಲಿಯಲ್ಲಿ ಯಾರೂ ಬೇಡ.

ಅಂಟುಪಟ್ಟಿ ಮತ್ತು ನೀಲಿ ಲೋಟ

ನೊಣದ ಕಣ್ಣನ್ನೇ ಅದರ ಮೇಲೆ ತಿರುಗಿಸುವ ಉಪಾಯ ಇದು. ಟ್ರೆಡ್-ನಾಟ್ ಎಂಬ ಹೆಸರಿನಲ್ಲಿ ಸಿಗುವ ಡಿಯರ್ ಫ್ಲೈ ಪಟ್ಟಿ ಎರಡೂ ಬದಿಗೆ ಅಂಟಿರುವ ಒಂದು ಚಿಕ್ಕ ಹಾಳೆ. ವಿಷವಿಲ್ಲ, ವಾಸನೆಯಿಲ್ಲ. ಒಂದು ಬದಿಯ ಕಾಗದ ಸುಲಿದು ಟೋಪಿಯ ಹಿಂಭಾಗಕ್ಕೆ, ಆದಷ್ಟು ಎತ್ತರದಲ್ಲಿ ಒತ್ತಿ ಅಂಟಿಸಬೇಕು. ಆಮೇಲೆ ಹೊರಬದಿಯ ಕಾಗದ ಸುಲಿಯಬೇಕು. ನಡೆಯುವವನ ಬೆನ್ನ ಹಿಂದಿನಿಂದ ಬಂದು ತಲೆ ಸುತ್ತುವ ನೊಣ ಕೊನೆಗೆ ಅಲ್ಲೇ ಕೂರುತ್ತದೆ, ಕೂತದ್ದು ಏಳುವುದಿಲ್ಲ. ಪಟ್ಟಿಯ ಮೇಲೆ ಸಿಕ್ಕಿದ ನೊಣದ ರೆಕ್ಕೆ ಗುರುಗುಟ್ಟುವ ಸದ್ದು ಕಿವಿಯ ಹಿಂದೆ ಕೇಳುತ್ತಿರುತ್ತದೆ. ಮೊದಲ ಹತ್ತು ನಿಮಿಷ ಅದಕ್ಕೆ ಹೊಂದಿಕೊಳ್ಳಬೇಕು. ಆಮೇಲೆ ತಲೆಯ ಸುತ್ತ ಹಾರುವವುಗಳ ಸಂಖ್ಯೆ ಕಣ್ಣಿಗೆ ಕಾಣುವಂತೆ ಇಳಿಯುತ್ತದೆ.

ಎಡವಟ್ಟು ಆಗುವುದು ಹೀಗೆ. ಬೆವರಿನಿಂದ ಒದ್ದೆಯಾದ ಬಟ್ಟೆಗೆ ಪಟ್ಟಿ ಹಿಡಿಯುವುದಿಲ್ಲ, ಮನೆಯಲ್ಲೇ ಒಣ ಟೋಪಿಗೆ ಒಂದು ಬದಿ ಅಂಟಿಸಿಕೊಂಡು, ಹೊರಬದಿಯ ಕಾಗದವನ್ನು ಕಾಡಿನ ಬಾಗಿಲಲ್ಲಿ ಸುಲಿಯಿರಿ. ಸುಲಿದ ಮೇಲೆ ಕಾರಿನ ಸೀಟಿಗೆ ತಲೆ ಒರಗಿಸಿದರೆ ಸೀಟೂ ಟೋಪಿಯೂ ಒಂದೇ ಆಗುತ್ತವೆ. ಉದ್ದ ಕೂದಲನ್ನು ಜಡೆ ಹಾಕಿ ಅಂಗಿಯೊಳಗೆ ಸೇರಿಸಬೇಕು. ಬಲೆ ಹಾಕಿದಾಗ ಪಟ್ಟಿ ಬಲೆಯ ಒಳಗಾದರೆ ವ್ಯರ್ಥ. ಆದ್ದರಿಂದ ಬಲೆಯನ್ನೂ ಪಟ್ಟಿಯನ್ನೂ ಒಟ್ಟಿಗೆ ಬಳಸಲು ನೆತ್ತಿಯ ಮೇಲೆ ಬಲೆಯಿಲ್ಲದೆ, ಅಂಚಿನಿಂದ ಮಾತ್ರ ಬಲೆ ಇಳಿಯುವ ಟೋಪಿ ಬೇಕು. ಅಂಥದ್ದು ಇಲ್ಲದಿದ್ದರೆ ಗುಂಪಿನಲ್ಲಿ ಎತ್ತರದವರು ಪಟ್ಟಿ ಅಂಟಿಸಿಕೊಳ್ಳಲಿ, ಮಕ್ಕಳೂ ಹಿರಿಯರೂ ಬಲೆ ಹಾಕಿಕೊಳ್ಳಲಿ. ಪಟ್ಟಿ ತುಂಬಿದರೆ ಹಿಡಿಯುವುದು ನಿಲ್ಲುತ್ತದೆ, ಜೇಬಿನಲ್ಲಿ ಇನ್ನೊಂದು ಇಟ್ಟುಕೊಳ್ಳಿ. ಬಳಸಿದ್ದನ್ನು ಕಾಡಿನಲ್ಲಿ ಎಸೆಯಬೇಡಿ, ಅಂಟಿಗೆ ಹಕ್ಕಿ, ಓತಿ ಯಾವುದೂ ಸಿಕ್ಕಬಹುದು. ಅಂಟು ಒಳಗಾಗುವಂತೆ ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ವಾಪಸ್ ತನ್ನಿ.

ಇದೇ ತತ್ವದ ಕೈಕೆಲಸದ ರೂಪ ನೀಲಿ ಲೋಟ. ಫ್ಲಾರಿಡಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ರಸ್ ಮೈಜೆಲ್ ಇದನ್ನು ಪರೀಕ್ಷಿಸಿ ಜನರಿಗೆ ಹೇಳಿಕೊಟ್ಟರು. ಆರಿಂಚಿನ ಗಿಡದ ಕುಂಡಕ್ಕೆ ಗಾಢ ನೀಲಿ ಬಣ್ಣ ಬಳಿದು, ಬೋರಲು ಹಾಕಿ, ಮೇಲೆ ಟ್ಯಾಂಗಲ್‌ಫುಟ್ ಎಂಬ ಅಂಟನ್ನು ತೆಳ್ಳಗೆ ಸವರಿ, ಗಾಡಿಯ ಮೇಲೆ ನಿಲ್ಲಿಸಿ, ಗಂಟೆಗೆ 7 ಮೈಲಿಗಿಂತ ಕಡಿಮೆ ವೇಗದಲ್ಲಿ ಸುತ್ತುವುದು. ಚಲಿಸಬೇಕು, ಅದೇ ಗುಟ್ಟು. ಮರಕ್ಕೆ ಕಟ್ಟಿ ಸುಮ್ಮನೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಬೀಳುವುದಿಲ್ಲ. ನಡೆಯುವವರು ನೀಲಿ ಪ್ಲಾಸ್ಟಿಕ್ ಲೋಟವನ್ನು ಟೋಪಿಯ ಮೇಲೆ ಬೋರಲಾಗಿ ಎಲಾಸ್ಟಿಕ್‌ನಿಂದ ಕಟ್ಟಿಕೊಂಡು ಅಂಟು ಸವರಿಕೊಳ್ಳುತ್ತಾರೆ. ಖರ್ಚು ಒಂದೆರಡು ಡಾಲರ್. ಕೈಗೆ ಅಂಟಿದರೆ ನೀರು ಸೋಪಿಗೆ ಜಗ್ಗುವುದಿಲ್ಲ. ಹಲಸಿನ ಮೇಣಕ್ಕೆ ಮಾಡುವ ಹಾಗೆಯೇ ಅಡುಗೆ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಅಂಟು ಸವರುವ ಮೊದಲೇ ಕೈಗೆ ಎಣ್ಣೆ ಮುಟ್ಟಿಸಿಕೊಂಡರೆ ಇನ್ನೂ ಸುಲಭ, ಹಲಸು ಬಿಡಿಸುವವರಿಗೆ ಹೇಳಿಕೊಡಬೇಕಿಲ್ಲ.

ಪಟ್ಟಿಗೂ ಲೋಟಕ್ಕೂ ಒಂದು ಮಿತಿ ಇದೆ. ತಲೆಗೆ ಬರುವ ಡಿಯರ್ ಫ್ಲೈಗೆ ಮಾತ್ರ ಇವು ಮದ್ದು. ಈ ಜೌಗಿನ ಹೆಸರನ್ನೇ ಹೊತ್ತ ಹಳದಿ ನೊಣ, ‘ಡಿಸ್ಮಲ್ ಸ್ವಾಂಪಿನ ಹಳದಿ ನೊಣ’ ಎಂದೇ ಕರೆಸಿಕೊಳ್ಳುವುದು, ಬೇರೆಯದೇ ರೀತಿಯದು. ಮೈ ಹಳದಿ, ಮುಂಗಾಲು ಕಪ್ಪು. ನೆರಳನ್ನು ಇಷ್ಟಪಡುತ್ತದೆ, ಇಳಿಹೊತ್ತಿನಲ್ಲಿ, ಮೋಡ ಮುಸುಕಿದಾಗ ಜೋರಾಗುತ್ತದೆ. ಗದ್ದಲವಿಲ್ಲದೆ ಬಂದು ಕೈಕಾಲಿಗೆ ಕಚ್ಚುತ್ತದೆ. ಅದಕ್ಕೆ ಬಟ್ಟೆ ಒಂದೇ ಉತ್ತರ.

ಬಾಟಲಿಗಳು

ಹುಳ ಓಡಿಸಲು ಮೈಗೆ ಹಚ್ಚುವ ಔಷಧಿಗಳಲ್ಲಿ ಡೀಟ್ ಹಳೆಯ ಹುಲಿ. ಅಮೆರಿಕದ ಸೇನೆಗಾಗಿ 1946ರಲ್ಲಿ ತಯಾರಾದದ್ದು, 1957ರಿಂದ ಸಾರ್ವಜನಿಕರಿಗೆ ಸಿಗುತ್ತಿದೆ. ಸೊಳ್ಳೆಗೂ ಉಣ್ಣೆಗೂ ಅದರ ಮೇಲೆ ಭರವಸೆ ಇಡಬಹುದು. ಡಿಯರ್ ಫ್ಲೈ ವಿಷಯದಲ್ಲಿ ಅದು ದುರ್ಬಲ: ನೊಣ ಹತ್ತಿರ ಬರುವುದನ್ನು, ಸುತ್ತುವುದನ್ನು ತಡೆಯುವುದಿಲ್ಲ. ಕೂತ ಮೇಲೆ ಕೆಲವು ಕಚ್ಚದೆ ಏಳುತ್ತವೆ, ಕೆಲವು ಕಚ್ಚಿಯೇ ಏಳುತ್ತವೆ. ಪ್ರಮಾಣ ಹೆಚ್ಚಿಸಿದರೆ ಗುಣ ಹೆಚ್ಚುವುದಿಲ್ಲ, ಇರುವ ಅವಧಿ ಹೆಚ್ಚುತ್ತದೆ ಅಷ್ಟೆ. 30 ಶೇಕಡಕ್ಕಿಂತ ಮೇಲಿನದ್ದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಇನ್ನೊಂದು ತೊಂದರೆ, ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹಚ್ಚಿದ ಕೈಯಲ್ಲೇ ಬೈನಾಕ್ಯುಲರ್, ಕ್ಯಾಮೆರಾ, ತಂಪು ಕನ್ನಡಕ ಹಿಡಿದರೆ ಹಿಡಿ ಜಿಗುಟಾಗಿ ಬೆರಳಚ್ಚು ಉಳಿಯುತ್ತದೆ.

ಮೈಗೆ ಹಚ್ಚುವ ಇನ್ನೊಂದು ಔಷಧಿ, 20 ಶೇಕಡ ಪಿಕಾರಿಡಿನ್, ಈ ಕೆಲಸಕ್ಕೆ ಹೆಚ್ಚು ಒಪ್ಪುತ್ತದೆ. ಅಮೆರಿಕದ ಅಂಗಡಿಗಳಿಗೆ 2005ರಲ್ಲಿ ಬಂತು. ಕಚ್ಚುವ ನೊಣದ ಮೇಲೆ ಡೀಟ್‌ಗಿಂತ ಸ್ವಲ್ಪ ಮೇಲು, ಪ್ಲಾಸ್ಟಿಕ್ಕಿಗೆ ಏನೂ ಮಾಡುವುದಿಲ್ಲ, ಜಿಡ್ಡೂ ಕಡಿಮೆ. ಸಾಯರ್ ಕಂಪನಿಯದು ಲೋಷನ್ ಮತ್ತು ಸ್ಪ್ರೇ ಎರಡೂ ರೂಪದಲ್ಲಿದೆ. ಬೆವರುವ ದಿನಕ್ಕೆ ಲೋಷನ್ ಮೇಲು, ಎಲ್ಲಿ ಹಚ್ಚಿದೆ ಎಲ್ಲಿ ಬಿಟ್ಟಿದೆ ಎಂದು ಕೈಗೆ ಗೊತ್ತಾಗುತ್ತದೆ. ಬಿಟ್ಟುಹೋದ ರೂಪಾಯಿಯಗಲ ಜಾಗವನ್ನೂ ನೊಣ ಹುಡುಕುತ್ತದೆ. ಕೈಯ ಹಿಂಭಾಗ, ಕಿವಿಯ ಹಿಂಬದಿ, ಪಾದದ ಗಂಟು, ಇವು ಜನ ಮರೆಯುವ ಮೂರು ಕಡೆ. ಸನ್‌ಸ್ಕ್ರೀನ್ ಮೊದಲು, ಅದು ಹೀರಿಕೊಳ್ಳಲು 15-20 ನಿಮಿಷ ಬಿಟ್ಟು ಇದು. ಮುಖಕ್ಕೆ ನೇರವಾಗಿ ಸಿಂಪಡಿಸದೆ ಅಂಗೈಗೆ ಹಾಕಿಕೊಂಡು ಹಚ್ಚಿ. ಚಿಕ್ಕ ಮಕ್ಕಳ ಅಂಗೈಗೆ ಹಚ್ಚಬೇಡಿ, ಬಾಯಿಗೆ ಹೋಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಯಾವ ಔಷಧಿಯೂ ಬೇಡ, ತೊಟ್ಟಿಲಗಾಡಿಗೆ ಬಲೆ ಹೊದಿಸಿ. ನಿಂಬೆ ನೀಲಗಿರಿ ಎಣ್ಣೆಯ ಬಾಟಲಿ ಮೂರು ವರ್ಷದೊಳಗಿನವರಿಗೆ ಸಲ್ಲದು.

ಊರಿನಿಂದ ತಂದ ಓಡೋಮಸ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅದು ಸೊಳ್ಳೆಗೆ ಮಾಡಿದ ಮುಲಾಮು, ಆ ಕೆಲಸಕ್ಕೆ ಒಳ್ಳೆಯದು, ಈ ನೊಣಕ್ಕೆ ನಂಬಬೇಡಿ. ಮಲೆನಾಡಿನಲ್ಲಿ ಮಂಗನಕಾಯಿಲೆಯ ಉಣ್ಣೆಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯ ಕಥೆಯೂ ಇದೇ: ತೆವಳಿ ಹತ್ತುವ ಹುಳಕ್ಕೆ ಚರ್ಮದ ಮೇಲಿನ ಲೇಪ ಹೊಂದುತ್ತದೆ, ಹಾರಿ ಬಂದು ಎರಗುವುದಕ್ಕೆ ಹೊಂದುವುದಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳಲ್ಲಿ, ಅಂದರೆ ರಾಂಪತ್ರೆ ಮರಗಳ ಜೌಗುಗಳಲ್ಲಿ, ತಿರುಗಿದವರು ರಕ್ತ ಹೀರುವ ಉಂಬಳಕ್ಕೆಂದು ಸುಣ್ಣ, ಹೊಗೆಸೊಪ್ಪು, ಉಪ್ಪಿನ ಗಂಟು ಇಟ್ಟುಕೊಳ್ಳುತ್ತಾರೆ. ಜೌಗು ಎಂಬ ಹೆಸರು ಒಂದೇ ಆದರೂ ಎದುರಾಳಿ ಬೇರೆ, ಆ ಗಂಟಿನಿಂದ ಇಲ್ಲಿ ಪ್ರಯೋಜನವಿಲ್ಲ.

ಪರ್ಮೆತ್ರಿನ್ ಎಂಬ ಕೀಟನಾಶಕ ಬಟ್ಟೆಗೆ ಹಾಕುವುದು, ಮೈಗಲ್ಲ. 0.5 ಶೇಕಡದ ಸ್ಪ್ರೇ. ಬಯಲಿನಲ್ಲಿ ಹಗ್ಗದ ಮೇಲೆ ಬಟ್ಟೆ ಹರವಿ, ಒಂದು ಗೇಣು ದೂರದಿಂದ, ಬಟ್ಟೆ ತೇವವಾಗಿ ಬಣ್ಣ ಗಾಢವಾಗುವ ತನಕ ಎರಡೂ ಬದಿಗೆ ಸಿಂಪಡಿಸಿ. ಒಣಗಲು ಎರಡು ಗಂಟೆ, ಕ್ಯಾರೊಲೈನಾದ ತೇವದ ಹವೆಯಲ್ಲಿ ನಾಲ್ಕು. ಪೂರ್ತಿ ಒಣಗಿದ ಮೇಲೆಯೇ ತೊಡಬೇಕು. ಆರು ವಾರ ಅಥವಾ ಆರು ಒಗೆತ, ಯಾವುದು ಮೊದಲೋ ಅಲ್ಲಿಯವರೆಗೆ ಇರುತ್ತದೆ. ಕಾರ್ಖಾನೆಯಲ್ಲೇ ಹಾಕಿಸಿದ ಬಟ್ಟೆ 70 ಒಗೆತ ಬಾಳುತ್ತದೆಂದು ತಯಾರಕರು ಹೇಳುತ್ತಾರೆ. ಮನೆಯಲ್ಲಿ ಬೆಕ್ಕಿದ್ದರೆ ಒದ್ದೆ ಬಟ್ಟೆಯ ಹತ್ತಿರ ಬಿಡಬೇಡಿ, ಬೆಕ್ಕಿಗೆ ಇದು ಘೋರ ವಿಷ. ಮೀನು, ನೀರಿನ ಹುಳಗಳಿಗೂ ವಿಷ, ಆದ್ದರಿಂದ ಕಾಲುವೆಯ ದಂಡೆಯ ಮೇಲೆ ನಿಂತು ಸಿಂಪಡಿಸುವುದು ಸರ್ವಥಾ ತಪ್ಪು. ಉಣ್ಣೆಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಡಿಯರ್ ಫ್ಲೈಗೆ? ಕೂತ ನೊಣ ಆಮೇಲೆ ಸಾಯಬಹುದು, ಆದರೆ ಅಷ್ಟರೊಳಗೆ ಅದರ ಕೆಲಸ ಮುಗಿದಿರುತ್ತದೆ. ಉಣ್ಣೆಗೆಂದು ಹಾಕಿಕೊಳ್ಳಿ, ನೊಣಕ್ಕೆಂದು ಬೇಡ.

ದುಡ್ಡು ಹಾಕಬಾರದ ಸಾಮಾನು ಇನ್ನೂ ಕೆಲವು ಇವೆ. ಶಬ್ದದಿಂದ ಹುಳ ಓಡಿಸುತ್ತೇವೆನ್ನುವ ಯಂತ್ರ, ಕೈಗೆ ಕಟ್ಟುವ ವಾಸನೆಯ ಪಟ್ಟಿ, ಇವೆರಡನ್ನೂ ಅಂಗಡಿಯಲ್ಲೇ ಬಿಟ್ಟು ಬನ್ನಿ. ಬಿಸಿ ಮಾಡಿದ ಬಿಲ್ಲೆಯಿಂದ ಆವಿ ಬಿಡುವ ಸಾಧನ ಗಾಳಿಯಿಲ್ಲದ ಅಂಗಳದಲ್ಲಿ ಕೂತವರಿಗೆ ಸೊಳ್ಳೆಯಿಂದ ರಕ್ಷಣೆ ಕೊಡುತ್ತದೆ. ನಡೆಯುವವರಿಗೆ ಆವಿ ಹಿಂದೆ ಉಳಿಯುತ್ತದೆ, ಮನುಷ್ಯ ಮುಂದೆ ಹೋಗಿರುತ್ತಾನೆ.

ಹೊತ್ತು, ದಾರಿ, ಕಾರು

ಮೇ ನಡುಭಾಗದಿಂದ ಕಾಟ ಶುರು, ಜೂನ್ ಜುಲೈನಲ್ಲಿ ತುತ್ತತುದಿ. ಬೆಳಗಿನ ತಂಪು ಆರುವ ಮೊದಲೇ, ಏಳಕ್ಕೆಲ್ಲ ದಾರಿ ಹಿಡಿದು ಹತ್ತರೊಳಗೆ ವಾಪಸ್ ಬರುವ ಲೆಕ್ಕ ಹಾಕಿ. ಬಿಸಿಲು ಕಾದು, ಗಾಳಿ ಬಿದ್ದ ಹೊತ್ತು ಡಿಯರ್ ಫ್ಲೈಗೆ ಹಬ್ಬ. ಪ್ರೊಥೊನೊಟರಿ ವಾರ್ಬ್ಲರ್ ಎಂಬ ಅರಿಶಿನ ಬಣ್ಣದ ಪುಟ್ಟ ಹಕ್ಕಿಗಾಗಿ ಬರುವವರು ಏಪ್ರಿಲ್ ಕೊನೆಯಲ್ಲೇ ಬಂದರೆ ಹಕ್ಕಿ ಸಿಗುತ್ತದೆ, ನೊಣ ಇನ್ನೂ ಎದ್ದಿರುವುದಿಲ್ಲ.

ಕಾಲುವೆ ದಂಡೆಯ ನೇರ, ಬಿಸಿಲುಬಿದ್ದ ಮಣ್ಣುದಾರಿಗಳಲ್ಲಿ ನೊಣ ಅತಿ ಹೆಚ್ಚು. ಸೈಕಲ್ಲಿನಲ್ಲಿ ತಪ್ಪಿಸಿಕೊಳ್ಳಬಹುದೆಂಬ ಆಸೆ ಬೇಡ, ನಿಧಾನಕ್ಕೆ ಸಾಗುವ ಸೈಕಲ್ ಅವಕ್ಕೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕೆರೆಯ ನಡುವೆ ಗಾಳಿಯಿರುವುದರಿಂದ ಕಾಟ ಕಡಿಮೆ. ಆದರೆ ಅಲ್ಲಿಗೆ ಕಯಾಕ್‌ನಲ್ಲಿ ಹೋಗಲು ಸುಮಾರು 3.5 ಮೈಲಿಯ ಫೀಡರ್ ಡಿಚ್ ದಾಟಬೇಕು, ಎರಡೂ ಬದಿಗೆ ಮರ ಬಾಗಿದ ಆ ಕಾಲುವೆಯಲ್ಲಿ ಎರಡೂ ಕೈ ಹುಟ್ಟಿನ ಮೇಲಿರುತ್ತದೆ, ಹೊಡೆದುಕೊಳ್ಳಲು ಕೈ ಖಾಲಿ ಇರುವುದಿಲ್ಲ. ತೆಳು ಕೈಗವಸು ಹಾಕಿಯೇ ಹೊರಡಿ. ಕೈ ಬೀಸಿ ಓಡಿಸಿದಷ್ಟೂ ಚಲನೆ ಕಂಡು ಇನ್ನಷ್ಟು ಬರುತ್ತವೆ ಎಂಬುದೂ ನೆನಪಿರಲಿ. ಕೂತದ್ದನ್ನು ಹೊಡೆಯಿರಿ, ಹಾರುವುದನ್ನು ಬಿಟ್ಟುಬಿಡಿ.

ರೇಲ್‌ರೋಡ್ ಡಿಚ್ ದಾರಿಯಲ್ಲಿ ನಿಧಾನವಾಗಿ ಹೋಗುವ ಕಾರು ದೊಡ್ಡ, ಬಿಸಿಯಾದ, ಚಲಿಸುವ ಪ್ರಾಣಿಯಂತೆ ಕಾಣುತ್ತದೆ. ನಿಲ್ಲಿಸುವ ಹೊತ್ತಿಗೆ ಹಿಂಡು ಸುತ್ತಿರುತ್ತದೆ. ಬಾಗಿಲು ತೆರೆದ ಮೇಲೆ ಟೋಪಿ, ಬಲೆ ಹುಡುಕುವುದು ದೊಡ್ಡ ತಪ್ಪು. ಕಾರಿನೊಳಗೇ ಎಲ್ಲರೂ ಬಲೆ ಹಾಕಿ, ಕಾಲರ್ ಎತ್ತಿ, ಪ್ಯಾಂಟು ಕಾಲುಚೀಲಕ್ಕೆ ಸೇರಿಸಿ, ನಾಲ್ಕೂ ಬಾಗಿಲು ಒಟ್ಟಿಗೆ ತೆರೆದು ಇಳಿದು ಥಟ್ಟನೆ ಮುಚ್ಚಿ. ವಾಪಸ್ ಬಂದಾಗ ಐದಾರು ನೊಣ ಒಳಗೆ ಬಂದೇ ಬರುತ್ತವೆ. ಗಾಬರಿ ಬೇಡ, ಮುಚ್ಚಿದ ಜಾಗದಲ್ಲಿ ಅವು ಕಚ್ಚುವುದಕ್ಕಿಂತ ಬೆಳಕಿನ ಕಡೆ ಹೋಗುವುದೇ ಹೆಚ್ಚು. ಗಾಜಿಗೆ ಮುತ್ತಿದಾಗ ಎಲ್ಲ ಕಿಟಕಿ ಇಳಿಸಿ, ಸ್ವಲ್ಪ ವೇಗವಾಗಿ ಅರ್ಧ ಮೈಲಿ ಓಡಿಸಿದರೆ ಗಾಳಿಗೆ ಹೊರಹೋಗುತ್ತವೆ. ಹಳದಿ ನೊಣ ಮಾತ್ರ ಒಳಗೂ ಕಚ್ಚಬಲ್ಲದು, ಅದನ್ನು ಕಂಡ ಕೂಡಲೆ ಹೊಡೆಯಿರಿ.

ಕಚ್ಚಿದ ಮೇಲೆ

ಕಾರಿನಲ್ಲಿ ಒಂದು ಬಾಟಲಿ ನೀರು, ಸೋಪು, ತಂಪುಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇರಲಿ. ಮೊದಲು ತೊಳೆಯಿರಿ, ಆಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಿ. 1 ಶೇಕಡ ಹೈಡ್ರೊಕಾರ್ಟಿಸೋನ್ ಮುಲಾಮು ನವೆ ತಗ್ಗಿಸುತ್ತದೆ. ದೊಡ್ಡವರಿಗೆ ರಾತ್ರಿ 10 ಮಿಲಿಗ್ರಾಂ ಸೆಟ್ರಿಜಿನ್ ಒಂದು ಮಾತ್ರೆ, ಬೇರೆ ಔಷಧಿ ತೆಗೆದುಕೊಳ್ಳುವ ಹಿರಿಯರಾದರೆ ವೈದ್ಯರನ್ನು ಕೇಳಿ. ಕಚ್ಚಿದ ಜಾಗ ಮರುದಿನ ಇನ್ನೂ ಊದುವುದು ಮಾಮೂಲು, ಕಣ್ಣಿನ ಹತ್ತಿರವಾದರೆ ರೆಪ್ಪೆ ಮುಚ್ಚಿಹೋಗುವಷ್ಟು ಊದಬಹುದು. ಕೆರೆದು ಹುಣ್ಣು ಮಾಡಿಕೊಳ್ಳದಿದ್ದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆದರೆ ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ, ಮೈತುಂಬ ದದ್ದು ಎದ್ದು ತಲೆ ಸುತ್ತಿದರೆ ಕಾಯಬೇಡಿ, 911ಕ್ಕೆ ಕರೆ ಮಾಡಿ. ಮುಂದಿನ ಒಂದೆರಡು ವಾರದಲ್ಲಿ ಜ್ವರ ಬಂದು, ಕಚ್ಚಿದ ಜಾಗ ಹುಣ್ಣಾಗಿ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಕಟ್ಟಿದರೆ ಅದು ಟುಲರೀಮಿಯ ಇರಬಹುದು. ಅಪರೂಪದ ಕಾಯಿಲೆ, ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ. ವೈದ್ಯರ ಬಳಿ ಹೋದಾಗ ಜೌಗಿಗೆ ಹೋಗಿದ್ದು, ನೊಣ ಕಚ್ಚಿದ್ದು, ಉಣ್ಣೆ ಕಂಡಿದ್ದರೆ ಅದನ್ನೂ, ಯಾವ ತಾರೀಖು ಎಂಬುದರ ಸಮೇತ ಹೇಳಿ.